ನಾಲೆ ಏರಿಯ ಮೇಲೆ ಸೈಕಲ್: ಮಂಡ್ಯ ಸೀಮೆಯಲ್ಲಿ ಗಾಡಿಗಳ ಕಾಟವಿಲ್ಲದೆ ತುಳಿಯುವುದು ಹೇಗೆ

ಮಂಡ್ಯ, ಶ್ರೀರಂಗಪಟ್ಟಣದ ಕಡೆ ನೆಮ್ಮದಿಯಾಗಿ ಸೈಕಲ್ ತುಳಿಯಬೇಕು ಅಂದರೆ ರೋಡ್ ಮ್ಯಾಪನ್ನು ಸ್ವಲ್ಪ ಬದಿಗಿಡಿ. ನಾಲೆ ಎಲ್ಲಿದೆ, ಅದರಲ್ಲಿ ಈ ವಾರ ನೀರು ಹರಿಯುತ್ತಿದೆಯಾ, ಗದ್ದೆಯಲ್ಲಿ ಯಾವ ಕೆಲಸ ನಡೆದಿದೆ? ಇಷ್ಟು ತಿಳಿದರೆ ಸಾಕು. ಎಲ್ಲಿ ತುಳಿಯಬಹುದು, ಎಲ್ಲಿ ಚಕ್ರ ಹೂತುಹೋಗುತ್ತದೆ, ಎಲ್ಲಿ ಟ್ರ್ಯಾಕ್ಟರ್ ಎದುರಾಗುತ್ತದೆ ಎಂಬುದೆಲ್ಲ ಅದರಲ್ಲೇ ಇದೆ.

ನಾನು ಮೈಸೂರಿನಲ್ಲಿ ಹೈಸ್ಕೂಲ್ ಗಣಿತದ ಟೀಚರ್. ತವರು ಅರಕೆರೆ ಕಡೆಯ ಒಂದು ಹಳ್ಳಿ. ತಮ್ಮ ಅಲ್ಲೇ ಬೇಸಾಯ ಮಾಡಿಕೊಂಡಿದ್ದಾನೆ. ರಜೆಯಲ್ಲಿ ತವರಿಗೆ ಹೋದಾಗೆಲ್ಲ ಸೈಕಲ್ ಜೊತೆಗಿರುತ್ತದೆ. ಊರಿನ ಅಜ್ಜಿಯರು ಇವತ್ತಿಗೂ ಕೇಳುತ್ತಾರೆ, "ಏನವ್ವ, ನಿಮ್ಮನೇಲಿ ಸ್ಕೂಟ್ರು ಇಲ್ವಾ?" ಅಂತ. ಇದೆ ಅಂದರೆ ನಂಬುವುದಿಲ್ಲ.

ನಾಲೆಯೇ ಯಾಕೆ

ನಾಲೆ ತೆಗೆಯುವವರು ಗುಡ್ಡ ಹತ್ತಿಸಿ ನೀರು ಹರಿಸಲಾರರು. ನೆಲ ಒಂದೇ ಮಟ್ಟದಲ್ಲಿ ಇರುವ ಗೆರೆ ಹಿಡಿದು, ಗುಡ್ಡ ಬಂದಲ್ಲಿ ಬಳಸಿಕೊಂಡು, ಚೂರೇ ಚೂರು ಇಳಿಜಾರು ಕೊಟ್ಟು ತೆಗೆಯುತ್ತಾರೆ. ದೊಡ್ಡ ನಾಲೆ ಕಿಲೋಮೀಟರಿಗೆ ಒಂದು ಮೀಟರ್ ಕೂಡ ಇಳಿಯುವುದಿಲ್ಲ. ನಡುನಡುವೆ ಡ್ರಾಪ್ ಇದ್ದ ಕಡೆ ಮಾತ್ರ ನೀರು ಧುಮುಕುತ್ತದೆ. ಹಾಗಾಗಿ ನಾಲೆ ಪಕ್ಕದ ದಾರಿಯಲ್ಲಿ ಗೇರ್ ಬದಲಿಸುವ ಕೆಲಸವೇ ಹೆಚ್ಚು ಇರುವುದಿಲ್ಲ. ಮೊಣಕಾಲು ನೋವಿನವರಿಗೆ, ಹೊಸದಾಗಿ ಕಲಿತವರಿಗೆ, ಜೊತೆಗೆ ಮಕ್ಕಳನ್ನು ಕರೆದೊಯ್ಯುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗಂತೂ ಗೊತ್ತಿಲ್ಲ.

ದಾರಿ ಸಪಾಟಾಗಿದೆ ನಿಜ, ಆದರೆ ಬಳಸು ಜಾಸ್ತಿ. ಕಣ್ಣೆದುರಿಗೆ ಕಾಣುವ ಊರಿಗೆ ನೇರ ರಸ್ತೆಯಲ್ಲಿ 4 ಕಿ.ಮೀ. ಇದ್ದರೆ ಏರಿಯ ಮೇಲೆ 7 ಆದೀತು. ಸಮಯ ಲೆಕ್ಕ ಹಾಕುವಾಗ ಇದನ್ನು ಸೇರಿಸಿಕೊಳ್ಳಿ.

ಏರಿಯ ಮೇಲೆ ದಾರಿ ಇರುವುದು ನಮಗಾಗಿ ಅಲ್ಲ, ನೀರಾವರಿ ನಿಗಮದ ಜೀಪು ಓಡಾಡಲಿ, ನೀರು ಹಂಚುವ ಸೌಡಿಗಳು ತೂಬು ನೋಡಿಕೊಳ್ಳಲಿ ಅಂತ. ಸಾಮಾನ್ಯವಾಗಿ ತಗ್ಗಿನ ಕಡೆಯ ಏರಿ ಅಗಲವಾಗಿರುತ್ತದೆ, ಜೀಪಿನ ದಾರಿ ಅದರ ಮೇಲೇ. ಎದುರು ದಡದಲ್ಲಿ ಬರೀ ಕಾಲುದಾರಿ, ಇಲ್ಲಾಂದ್ರೆ ಲಂಟಾನ ಪೊದೆ. ಎರಡೂ ಕಡೆ ನೋಡಿ, ಟೈರಿನ ಗುರುತು ಯಾವ ಕಡೆ ಇದೆಯೋ ಆ ಕಡೆ ಹಿಡಿಯಿರಿ.

ಇನ್ನೊಂದು ಗುರುತು ಹೇಳುತ್ತೇನೆ. ಇದು ದಾರಿ ತಪ್ಪಿದಾಗ ಬಹಳ ಉಪಯೋಗಕ್ಕೆ ಬರುತ್ತದೆ. ನಾಲೆಯ ಮೇಲ್ಗಡೆ ಹೊಲ, ಕೆಳಗಡೆ ಗದ್ದೆ. ಮೇಲೆ ರಾಗಿ, ಹುರುಳಿ, ಅವರೆ. ಕೆಳಗೆ ಭತ್ತ, ಕಬ್ಬು, ತೆಂಗು. ನೀವು ಗದ್ದೆಗಳ ನಡುವೆ ಸಿಕ್ಕಿಹಾಕಿಕೊಂಡರೆ ಏರುವ ಕಡೆ ಹೋಗಿ, ಹಸಿರು ಮುಗಿಯುವಲ್ಲಿ ನಾಲೆ ಸಿಗುತ್ತದೆ. ಇಳಿಯುತ್ತಾ ಹೋದರೆ ಹಳ್ಳ, ಹಳ್ಳ ಹಿಡಿದರೆ ಹೊಳೆ. ಶ್ರೀರಂಗಪಟ್ಟಣದ ಸುತ್ತ ಹೊಳೆ ಅಂದರೆ ಹೆಚ್ಚಾಗಿ ಕಾವೇರಿಯೇ. ಫೋನ್ ಸತ್ತರೂ ಇಷ್ಟು ಗೊತ್ತಿದ್ದರೆ ಮನೆ ಸೇರಬಹುದು.

ನಾಲೆಗಳಲ್ಲೂ ಹಳೆಯದು, ಹೊಸದು ಅಂತ ಎರಡು ಬಗೆ ಇವೆ. ಶ್ರೀರಂಗಪಟ್ಟಣದ ಸುತ್ತ ಇರುವ ಚಿಕ್ಕದೇವರಾಯ ಸಾಗರ ನಾಲೆ, ಬಂಗಾರದೊಡ್ಡಿ ನಾಲೆ, ಬಲದಂಡೆಯ ವಿರಿಜಾ ನಾಲೆ ಒಡೆಯರ ಕಾಲದ ಕಟ್ಟೆಗಳಿಂದ ಹೊರಟವು. ಊರೊಳಗೆ ನುಸುಳಿ, ದೇವಸ್ಥಾನದ ಹಿಂದೆ ಹಾದು, ತೆಂಗಿನ ತೋಟದ ನೆರಳಲ್ಲಿ ಹೋಗುತ್ತವೆ. ಏರಿ ಕಿರಿದು, ತಿರುವು ಜಾಸ್ತಿ, ನೆರಳು ಹೇರಳ. ಇನ್ನೊಂದು ವಿಶ್ವೇಶ್ವರಯ್ಯ ನಾಲೆ. ಎಲ್ಲರ ಬಾಯಲ್ಲಿ ವಿ.ಸಿ. ನಾಲೆ. 1911ರಲ್ಲಿ ಕೆಲಸ ಶುರುವಾದ ಕೆಆರ್‌ಎಸ್ ಅಣೆಕಟ್ಟಿನಿಂದ ಹೊರಡುವ ಇದಕ್ಕೆ ಮೊದಲಿದ್ದ ಹೆಸರು ಇರ್ವಿನ್ ನಾಲೆ. ಮಂಡ್ಯ ಇವತ್ತು ಕಬ್ಬಿನ ನಾಡು ಅನ್ನಿಸಿಕೊಂಡಿರುವುದು, 1933ರಲ್ಲಿ ಅಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿದ್ದು ಎಲ್ಲಾ ಈ ನೀರಿನಿಂದ. ವಿ.ಸಿ. ನಾಲೆ ಅಗಲ, ಆಳ, ಏರಿಯೂ ಅಗಲ. ವೇಗವಾಗಿ ತುಳಿಯಬೇಕು ಅನ್ನುವವರಿಗೆ ಇದು. ನನಗೆ ಹಳೆಯವೇ ಇಷ್ಟ.

ತಿಂಗಳು ನೋಡಿ ಹೊರಡಿ

ಇದೇ ಮುಖ್ಯ ವಿಷಯ, ಸ್ವಲ್ಪ ಉದ್ದ ಆಗುತ್ತದೆ.

ನಾಲೆಯಲ್ಲಿ ನೀರು ವರ್ಷವಿಡೀ ಹರಿಯುವುದಿಲ್ಲ. ಮಳೆಗಾಲದಲ್ಲಿ ಕೆಆರ್‌ಎಸ್ ತುಂಬುತ್ತಾ ಬಂದ ಮೇಲೆ, ಸಾಮಾನ್ಯವಾಗಿ ಜುಲೈ ಅಥವಾ ಆಗಸ್ಟ್‌ನಲ್ಲಿ, ಬೆಳೆಗೆ ನೀರು ಬಿಡುತ್ತಾರೆ. ಆಮೇಲೂ ಹಲವು ಬಾರಿ ಕಟ್ಟು ಪದ್ಧತಿ: ಇಷ್ಟು ದಿನ ನೀರು, ಇಷ್ಟು ದಿನ ಬಂದ್. ಅಣೆಕಟ್ಟಿನ ಗರಿಷ್ಠ ಮಟ್ಟ 124.80 ಅಡಿ. ಈ ಅಂಕಿ ನಮ್ಮ ಕಡೆಯ ಸಣ್ಣ ಮಕ್ಕಳಿಗೂ ಬಾಯಿಪಾಠ. ಮಳೆಗಾಲದಲ್ಲಿ ಪತ್ರಿಕೆಯಲ್ಲಿ ದಿನಾ ಮಟ್ಟ, ಒಳಹರಿವು, ಹೊರಹರಿವು ಬರುತ್ತದೆ. ಸೈಕಲ್ಲಿನವರು ಕ್ರಿಕೆಟ್ ಸ್ಕೋರಿಗಿಂತ ಮೊದಲು ನೋಡಬೇಕಾದದ್ದು ಅದನ್ನೇ.

ಜೂನ್ ಚೆನ್ನಾಗಿರುತ್ತದೆ. ಮೊದಲ ಮಳೆಗೆ ಧೂಳು ಅಡಗಿರುತ್ತದೆ, ನಾಲೆ ಹೆಚ್ಚಾಗಿ ಖಾಲಿ, ಗದ್ದೆಯಲ್ಲಿ ಕೆಲಸ ಇನ್ನೂ ಶುರುವಾಗಿರುವುದಿಲ್ಲ. ಗರಸು ಹಾಕಿದ ದಾರಿ ಒದ್ದೆಯಾಗಿ ಗಟ್ಟಿ ಕೂತಿರುತ್ತದೆ.

ನೀರು ಬಿಟ್ಟ ಮೇಲಿನ ಕೆಲವು ವಾರ ಮಾತ್ರ ದೂರ ಇರಿ. ತಮ್ಮ ಫೋನ್ ಮಾಡುತ್ತಾನೆ, "ಅಕ್ಕ, ಈಗ ಬರ್‌ಬ್ಯಾಡ, ನಾಲೆಗೆ ನೀರ್ ಬುಟ್ಟವ್ರೆ" ಅಂತ. ಅವನ ಚಿಂತೆ ನೀರಿನದಲ್ಲ, ಟ್ರ್ಯಾಕ್ಟರಿನದು. ಕೆಸರುಗದ್ದೆ ಮಾಡುವ ಕಾಲ ಅದು. ಟ್ರ್ಯಾಕ್ಟರಿಗೆ ಕಬ್ಬಿಣದ ಕೇಜ್ ವೀಲ್ ಹಾಕಿಕೊಂಡು ಒಂದು ಗದ್ದೆಯಿಂದ ಇನ್ನೊಂದಕ್ಕೆ ಓಡಾಡುತ್ತಾರೆ. ಆ ಚಕ್ರದ ಪಟ್ಟಿಗಳು ಏರಿಯನ್ನು ಅಡ್ಡಡ್ಡ ಕೊರೆದುಬಿಡುತ್ತವೆ. ಒಣಗಿದ ಮೇಲೆ ಅದರ ಮೇಲೆ ತುಳಿದರೆ ಹಲ್ಲು ಕಟಕಟ ಅನ್ನುತ್ತದೆ. ಜೊತೆಗೆ ಗದ್ದೆಯ ಕೆಸರು ದಾರಿಗೆ ಬಂದಿರುತ್ತದೆ. ಮಡ್‌ಗಾರ್ಡ್ ಮತ್ತು ಟೈರಿನ ನಡುವೆ ಅದು ಸೇರಿಕೊಂಡರೆ ಚಕ್ರ ತಿರುಗುವುದೇ ಇಲ್ಲ. ಕಡ್ಡಿ ಹಾಕಿ ಕೆರೆಯುತ್ತಾ ಕೂರಬೇಕು.

ನಾಟಿ ಮುಗಿದ ಮೇಲೆ, ಸೆಪ್ಟೆಂಬರ್ ಕೊನೆಯಿಂದ, ಗದ್ದೆಯಲ್ಲಿ ಗಾಡಿ ಕೆಲಸ ಕಡಿಮೆ. ಭತ್ತ ಹಸಿರು, ನಾಲೆ ತುಂಬಿದೆ, ದಾರಿ ಖಾಲಿ. ಕಣ್ಣಿಗೆ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ಅಕ್ಟೋಬರ್, ನವೆಂಬರ್‌ನಲ್ಲಿ ಹಿಂಗಾರು ಮಳೆ ಸಂಜೆಯ ಹೊತ್ತು ಹೊಡೆಯುತ್ತದೆ. ಬೆಳಿಗ್ಗೆ ಹೊರಟು ಮಧ್ಯಾಹ್ನದೊಳಗೆ ಮುಗಿಸಿ.

ಡಿಸೆಂಬರ್, ಜನವರಿಯಲ್ಲಿ ಚಳಿ, ಮಂಜು, ಪಕ್ಷಿಗಳು. ಮೈಸೂರು ಕಡೆಯ ಸೈಕಲ್ ಸವಾರರು ಹೆಚ್ಚಾಗಿ ಕಾಣುವುದೂ ಆಗಲೇ. ಆದರೆ ಇದು ಕಟಾವಿನ ಕಾಲ ಕೂಡ. ಭತ್ತ ಕೊಯ್ಯುವ ಹಾರ್ವೆಸ್ಟರ್ ಎದುರು ಬಂದರೆ ಏರಿಯ ಮೇಲೆ ನಿಮಗೆ ಜಾಗ ಇರುವುದಿಲ್ಲ. ಹೊಲದ ಕಡೆಯ ಊರುಗಳಲ್ಲಿ ರಾಗಿ, ಹುರುಳಿಯನ್ನು ರಸ್ತೆಗೇ ಹರಡಿರುತ್ತಾರೆ, ಓಡಾಡುವ ಗಾಡಿಗಳೇ ಒಕ್ಕಣೆ ಮಾಡಲಿ ಅಂತ. ಇದರ ಮೇಲೆ ಗೇರ್ ಸೈಕಲ್ ಹತ್ತಿಸಬೇಡಿ. ಹುರುಳಿ ಬಳ್ಳಿ ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಹಿಂದಿನ ಡಿರೇಲರ್‌ಗೆ ಸುತ್ತಿಕೊಂಡರೆ ಅದನ್ನು ಕಿತ್ತು ಹಾಕುವಷ್ಟು ಬಿಗಿಯುತ್ತದೆ. ಇಳಿದು, ಅಂಚಿನಲ್ಲಿ ತಳ್ಳಿಕೊಂಡು ಹೋಗಿ. ಕಣದಲ್ಲಿ ಇರುವವರಿಗೂ ಅದೇ ಇಷ್ಟ, ಯಾಕೆಂದರೆ ಅದು ಅವರ ಊಟ.

ಕಬ್ಬಿನ ಗಾಡಿಗಳಿಗೆ ಮಾತ್ರ ಇಂಥ ಕಾಲ ಅಂತ ಇಲ್ಲ. ಕಾರ್ಖಾನೆ ಅರೆಯುತ್ತಿದ್ದರೆ, ಆಲೆಮನೆ ಹೊಗೆಯಾಡುತ್ತಿದ್ದರೆ ಕಬ್ಬು ಹೊತ್ತ ಟ್ರ್ಯಾಕ್ಟರ್ ಬಂದೇ ಬರುತ್ತದೆ. ಟ್ರೈಲರಿನ ಎರಡೂ ಪಕ್ಕ ಜಲ್ಲೆ ಹೊರಚಾಚಿರುತ್ತದೆ. ಹಾಡು ಜೋರಾಗಿ ಹಾಕಿರುತ್ತಾರೆ, ನಿಮ್ಮ ಬೆಲ್ ಕೇಳಿಸುವುದಿಲ್ಲ. ಒಂದು ಅನುಕೂಲ ಅಂದರೆ ಆ ಹಾಡು ನಿಮಗೆ ಅರ್ಧ ಕಿಲೋಮೀಟರ್ ಮೊದಲೇ ಕೇಳುತ್ತದೆ. ಇಳಿದು ನಿಲ್ಲಲು ಬೇಕಾದಷ್ಟು ಸಮಯ ಸಿಗುತ್ತದೆ.

ಮಾರ್ಚ್‌ನಿಂದ ಮೇ ಬಿಸಿಲು. ಬೆಳಕು ಹರಿದ ಕೂಡಲೇ ಹೊರಟು ಒಂಬತ್ತಕ್ಕೆಲ್ಲ ನೆರಳು ಸೇರಿ. ಏರಿಯ ಹೊಂಗೆ ಮರಗಳು ಆ ಹೊತ್ತಿಗೆ ಹೊಸ ಚಿಗುರು ಬಿಟ್ಟಿರುತ್ತವೆ, ಅದೊಂದು ಸಮಾಧಾನ.

ಯಾವ ಸೈಕಲ್, ಎಂಥ ಟೈರು

ಗರಸಿನ ದಾರಿಗೆಂದೇ ಮಾಡಿದ ಗ್ರಾವೆಲ್ ಬೈಕ್ ಅಂತ ಲಕ್ಷಗಟ್ಟಲೆ ಕೊಟ್ಟು ತರುವ ಅಗತ್ಯ ಇಲ್ಲ. ನಮ್ಮೂರಿನ ಹಾಲಿನವರ ಕಪ್ಪು ಸೈಕಲ್ಲಿನ ಟೈರ್ ಓದಿ ನೋಡಿ: 28 x 1½ ಅಂತ ಬರೆದಿರುತ್ತದೆ. ಅಂದರೆ ಸುಮಾರು 38 ಮಿ.ಮೀ. ಅಗಲ. ಇವತ್ತು ಗ್ರಾವೆಲ್ ಟೈರ್ ಅಂತ ಮಾರುವುದೂ ಅಷ್ಟೇ ಅಗಲದ್ದು. ಎರಡು ಕ್ಯಾನ್ ಹಾಲು ಕಟ್ಟಿಕೊಂಡು ಆ ಸೈಕಲ್ ದಶಕಗಟ್ಟಲೆ ಇದೇ ಏರಿಯ ಮೇಲೆ ಓಡಿದೆ.

ನನ್ನದು ಸಾಧಾರಣ ಹೈಬ್ರಿಡ್. ಮುಂದೆ ಸಸ್ಪೆನ್ಷನ್ ಇಲ್ಲ, ಬೇಕೂ ಇಲ್ಲ. ಅದಕ್ಕೆ 40 ಮಿ.ಮೀ. ಟೈರ್ ಹಾಕಿಸಿಕೊಂಡಿದ್ದೇನೆ. ಟೈರ್ ಬದಲಿಸುವ ಮೊದಲು ಫೋರ್ಕ್ ಮತ್ತು ಹಿಂದಿನ ಫ್ರೇಮಿನಲ್ಲಿ ಎರಡೂ ಪಕ್ಕ ಕಿರುಬೆರಳು ತೂರುವಷ್ಟು ಜಾಗ ಉಳಿಯುತ್ತದೆಯಾ ನೋಡಿ. ಉಳಿಯದಿದ್ದರೆ ಕೆಸರಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ. ಸಣ್ಣ ಟೈರಿನ ರೋಡ್ ಬೈಕ್ ತರಬೇಡಿ. ಮೌಂಟನ್ ಬೈಕ್ ಇದ್ದರೆ ಧಾರಾಳವಾಗಿ ತನ್ನಿ. ಸಸ್ಪೆನ್ಷನ್ ಲಾಕ್ ಮಾಡಿಕೊಂಡು ತುಳಿಯಿರಿ.

ಗಾಳಿ ಜಾಸ್ತಿ ತುಂಬಿಸುವುದೇ ನಮ್ಮವರ ದೊಡ್ಡ ಚಟ. ಕಲ್ಲಿನಂತೆ ಗಟ್ಟಿಯಾಗಿರಬೇಕು ಅನ್ನುತ್ತಾರೆ. ಗರಸಿನ ಮೇಲೆ ಅಂಥ ಟೈರ್ ಕುಪ್ಪಳಿಸುತ್ತದೆ, ತಿರುವಿನಲ್ಲಿ ಜಾರುತ್ತದೆ. ನನ್ನ ಮೈತೂಕ 60 ಕೆ.ಜಿ.ಗಿಂತ ಸ್ವಲ್ಪ ಹೆಚ್ಚು. 40 ಮಿ.ಮೀ. ಟೈರಿಗೆ ಮುಂದೆ 34, ಹಿಂದೆ 38 ಪಿಎಸ್‌ಐ ಇಡುತ್ತೇನೆ. ನೀವು 80 ಕೆ.ಜಿ. ಇದ್ದರೆ ಒಂದು ಐದಾರು ಜಾಸ್ತಿ ಇರಲಿ. ಹೆಬ್ಬೆರಳಲ್ಲಿ ಒತ್ತಿದರೆ ಸ್ವಲ್ಪ ತಗ್ಗಬೇಕು, ಅಷ್ಟೇ ಪರೀಕ್ಷೆ.

ಇನ್ನು ಪಂಚರ್. ಇದು ಆಗೇ ಆಗುತ್ತದೆ. ಎರಡು ಮುಳ್ಳುಗಳು ಕಾರಣ. ಒಂದು ಜಾಲಿ: ಉದ್ದ, ನೇರ, ಒಂದೇ ಏಟಿಗೆ ಗಾಳಿ ಖಾಲಿ. ಏರಿಯ ಜಾಲಿ ಕಡಿದ ಜಾಗ, ಬೇಲಿಗೆ ಮುಳ್ಳು ಎಳೆದುಕೊಂಡು ಹೋದ ಗೆರೆ ಕಂಡರೆ ಇಳಿದು ಸೈಕಲ್ ಎತ್ತಿಕೊಳ್ಳಿ. ಇನ್ನೊಂದು ನೆಗ್ಗಿಲು. ನೆಲಕ್ಕಂಟಿ ಹಬ್ಬುವ, ಹಳದಿ ಹೂವಿನ ಸಣ್ಣ ಬಳ್ಳಿ. ಒಣಗಿದ ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೇ ಇರುತ್ತದೆ. ಬೇಸಿಗೆಯಲ್ಲಿ ದಾರಿಯ ಅಂಚಿನಲ್ಲಿ ಇದೇ ತುಂಬಿರುತ್ತದೆ. ಗಾಡಿ ಬಂದಾಗ ಅಂಚಿಗೆ ಸರಿದರೆ ಟೈರ್ ನೋಡಿಕೊಳ್ಳಿ. ಟ್ಯೂಬ್‌ಲೆಸ್ ಟೈರಿಗೆ ಸೀಲೆಂಟ್ (ತೂತನ್ನು ತಾನೇ ಮುಚ್ಚುವ ದ್ರವ) ಹಾಕಿದ್ದರೆ ನೆಗ್ಗಿಲಿನ ಭಯ ಬಹುತೇಕ ಇಲ್ಲ. ಟ್ಯೂಬ್ ಇರುವವರು ಎರಡು ಟ್ಯೂಬ್, ಪ್ಯಾಚ್, ಟೈರ್ ಲಿವರ್, ಕೈಪಂಪ್ ಇಟ್ಟುಕೊಳ್ಳಿ.

ಹಳ್ಳಿಯಲ್ಲೂ ಪಂಚರ್ ಅಂಗಡಿ ಸಿಗುತ್ತದೆ. ಆದರೆ ಅವರ ಕಂಪ್ರೆಸರ್ ಕಾರು, ಬೈಕಿನ ದಪ್ಪ ವಾಲ್ವ್‌ಗೆ ಮಾತ್ರ ಹೊಂದುತ್ತದೆ. ದುಬಾರಿ ಸೈಕಲ್ಲಿನ ಸಪೂರ ಪ್ರೆಸ್ಟಾ ವಾಲ್ವ್ ಕಂಡರೆ ಅಂಗಡಿಯ ಅಣ್ಣ ತಲೆ ಕೆರೆದುಕೊಳ್ಳುತ್ತಾನೆ. ಹಿತ್ತಾಳೆಯ ಒಂದು ಸಣ್ಣ ಅಡಾಪ್ಟರ್ ಸಿಗುತ್ತದೆ, ವಾಲ್ವಿಗೇ ತಿರುಗಿಸಿ ಇಟ್ಟುಬಿಡಿ. ಅಗ್ಗದ ವಸ್ತು, ಇಲ್ಲದಿದ್ದರೆ ಬಸ್ ಹಿಡಿಯಬೇಕಾಗುತ್ತದೆ.

ದಾರಿ ಹುಡುಕುವುದು

ಸ್ಯಾಟಲೈಟ್ ಚಿತ್ರ ತೆರೆದು ನಾಲೆ ಹಿಡಿದು ಬೆರಳು ಓಡಿಸಿ. ಪಕ್ಕದಲ್ಲಿ ಕೆಂಪು ಅಥವಾ ಬಿಳಿ ಗೆರೆ ಕಂಡರೆ ಗರಸಿನ ದಾರಿ. ಕಪ್ಪು ಗೆರೆಯಾದರೆ ಟಾರು, ಅಲ್ಲಿ ಬೈಕು, ಆಟೋ ಇರುತ್ತವೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಟ್ರ್ಯಾಕ್ ಅಂತ ಗುರುತಿಸಿದ ಚುಕ್ಕಿ ಗೆರೆಗಳನ್ನೂ ನೋಡಿ. ಕಾರಿಗೆ ದಾರಿ ಹೇಳುವ ಆ್ಯಪ್ ಕೇಳಿದರೆ ಅದು ನಿಮ್ಮನ್ನು ಹೈವೇಗೇ ತಳ್ಳುತ್ತದೆ.

ಇನ್ನೂ ಆಸಕ್ತಿ ಇದ್ದರೆ ಕಂದಾಯ ಇಲಾಖೆಯ ಗ್ರಾಮ ನಕಾಶೆ ತೆಗೆದು ನೋಡಿ. ಬಂಡಿದಾರಿ, ಕಾಲುದಾರಿ, ಹಳ್ಳ, ನಾಲೆ ಎಲ್ಲಾ ಅದರಲ್ಲಿದೆ. ಹಳೆಯ ಬಂಡಿದಾರಿಗಳಲ್ಲಿ ಕೆಲವನ್ನು ಉತ್ತು ಗದ್ದೆಗೆ ಸೇರಿಸಿಕೊಂಡಿರುತ್ತಾರೆ. ಉಳಿದಿರುವವು ಬಲು ಚೆಂದ. ದಿಶಾಂಕ್ ಆ್ಯಪ್‌ನಲ್ಲಿ ನೀವು ನಿಂತ ಜಾಗದ ಸರ್ವೆ ನಂಬರ್ ಕಾಣುತ್ತದೆ. ನಿಂತಿರುವುದು ದಾರಿಯಲ್ಲೋ, ಯಾರದ್ದಾದರೂ ಜಮೀನಿನಲ್ಲೋ ಎಂಬ ಅನುಮಾನ ಬಂದಾಗ ಅನುಕೂಲ.

ಇಷ್ಟೆಲ್ಲಾ ಇದ್ದರೂ ಜನರನ್ನು ಕೇಳಿ. ಆದರೆ "ಈ ದಾರಿ ಎಲ್ಲಿಗೆ ಹೋಗುತ್ತೆ?" ಅಂತ ಕೇಳಬೇಡಿ, "ಟಾರ್ ರೋಡು ಆ ಕಡೆ ಐತಲ್ಲ" ಅಂತ ಕೈ ತೋರಿಸುತ್ತಾರೆ. ಸೈಕಲ್ಲಿಗೆ ಒಳ್ಳೆ ದಾರಿ ಟಾರ್ ರೋಡೇ ಅಂತ ಅವರ ಕಾಳಜಿ. "ಅಣ್ಣ, ಏರಿ ಮೇಲೇ ಮುಂದಿನ ತೂಬಿನ ತನಕ ಹೋಗ್ಬಹುದಾ? ಎಲ್ಲಾದ್ರೂ ಕಡಿದಿದ್ದಾರಾ?" ಅಂತ ಕೇಳಿ. ಏರಿ ಒಡೆದಿದ್ದು, ಪೈಪ್ ಹಾಕಲು ಅಗೆದಿದ್ದು, ನಾಲೆಗೆ ಕಾಂಕ್ರೀಟ್ ಲೈನಿಂಗ್ ಕೆಲಸ ನಡೆದಿದ್ದು ಅವರಿಗೇ ಗೊತ್ತು. ಸೌಡಿ ಸಿಕ್ಕರೆ ನಿಮ್ಮ ಅದೃಷ್ಟ, ಅವರಿಗೆ ಪ್ರತಿ ತೂಬೂ ಗೊತ್ತು.

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಬಗ್ಗೆ ಒಂದು ಮಾತು. 2023ರ ಆಗಸ್ಟ್‌ನಿಂದ ಅದರ ಮುಖ್ಯ ರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರ್ ಬಿಡುವುದಿಲ್ಲ. ಸೈಕಲ್ಲಿಗೂ ಇಲ್ಲ. ಸರ್ವಿಸ್ ರಸ್ತೆ ಇದೆ, ಆದರೆ ಬೇರೆಡೆ ಬಿಡದ ಗಾಡಿಗಳೆಲ್ಲ ಅಲ್ಲೇ ಇರುತ್ತವೆ. ನಿಮಗೆ ಅದರಿಂದ ಬೇಕಾದದ್ದು ಅಂಡರ್‌ಪಾಸ್ ಮಾತ್ರ. ಎಲ್ಲಿ ದಾಟುತ್ತೀರಿ ಅಂತ ಮನೆಯಲ್ಲೇ ನೋಡಿಟ್ಟುಕೊಳ್ಳಿ.

ಎಲ್ಲಿಂದ ಶುರು ಮಾಡಬೇಕು

ಮೊದಲ ಸಲ ಹೋಗುವವರಿಗೆ ಶ್ರೀರಂಗಪಟ್ಟಣದ ದ್ವೀಪ. ರೈಲು ನಿಲ್ದಾಣ ಕೋಟೆಯ ಒಳಗೇ ಇದೆ. ಇಳಿದು ಪೂರ್ವಕ್ಕೆ ಹೊರಟರೆ ದರಿಯಾ ದೌಲತ್, ಗಂಜಾಂ, ಗುಂಬಜ್, ಕೊನೆಗೆ ಹೊಳೆಯ ಎರಡು ಕವಲು ಕೂಡುವ ಸಂಗಮ. ಮುಖ್ಯ ರಸ್ತೆಯಲ್ಲಿ ಪ್ರವಾಸಿಗಳ ಕಾರು ಇರುತ್ತದೆ. ಗಂಜಾಂ ದಾಟಿದ ಮೇಲೆ ಗದ್ದೆ, ತೋಟಗಳ ನಡುವಿನ ಮಣ್ಣುದಾರಿಗಳಿಗೆ ತಿರುಗಿಕೊಳ್ಳಿ. ದ್ವೀಪಕ್ಕೆ ನೀರುಣಿಸುವ ಬಂಗಾರದೊಡ್ಡಿ ನಾಲೆ ಹೊಳೆಯ ಒಂದು ಕವಲನ್ನು ಮೇಲ್ಗಾಲುವೆಯಲ್ಲಿ ದಾಟಿ ಬರುತ್ತದೆ. ಹೊಳೆಯ ಮೇಲೇ ಹೊಳೆಯ ನೀರು ಹರಿಸಿದ ಆ ಬುದ್ಧಿವಂತಿಕೆ ನೋಡಲಿಕ್ಕಾದರೂ ನಿಲ್ಲಿ. ಸುತ್ತು ಹೆಚ್ಚೆಂದರೆ 15 ಕಿ.ಮೀ. ಆಗುತ್ತದೆ. ಸುತ್ತಲೂ ನೀರು ಇರುವುದರಿಂದ ಎಷ್ಟೇ ದಾರಿ ತಪ್ಪಿದರೂ ದ್ವೀಪ ಬಿಟ್ಟು ಹೋಗುವುದಿಲ್ಲ. ವಾರದ ದಿನ ಬನ್ನಿ. ಭಾನುವಾರ, ಅಮಾವಾಸ್ಯೆ, ಹುಣ್ಣಿಮೆಗೆ ನಿಮಿಷಾಂಬ ದೇವಸ್ಥಾನದ ಕಡೆ ಕಾಲಿಡಲು ಜಾಗ ಇರುವುದಿಲ್ಲ.

ಎರಡನೆಯದು ನನ್ನ ತವರಿನ ದಾರಿ: ಚಿಕ್ಕದೇವರಾಯ ಸಾಗರ ನಾಲೆ. ಊರಿನಲ್ಲಿ ಸಿಡಿಎಸ್ ನಾಲೆ ಅಂತಲೇ ಹೇಳುವುದು. ನಾಲೆಯ ಹೆಸರಿನಲ್ಲಿರುವ ಚಿಕ್ಕದೇವರಾಜ ಒಡೆಯರ್ ಆಳಿದ್ದು 1673ರಿಂದ 1704. ನಾಲೆ ಕಾವೇರಿಯ ಎಡದಂಡೆಯಲ್ಲಿ ಹೊಳೆಗೆ ಜೊತೆಯಾಗಿ ಅರಕೆರೆ ಕಡೆ ಹೋಗುತ್ತದೆ. ಲೋಕಪಾವನಿ ಬಂದು ಕಾವೇರಿಗೆ ಸೇರುವಲ್ಲಿ ಕರಿಘಟ್ಟ ಬೆಟ್ಟ ನಿಂತಿದೆ. ಸುತ್ತಲಿನ ಬಯಲಿನಲ್ಲಿ ಅದೇ ನಿಮ್ಮ ಗುರುತುಕಂಬ. ಕರಿಘಟ್ಟ ಬಲಕ್ಕಿದೆಯೋ ಬೆನ್ನಿಗಿದೆಯೋ ನೋಡಿಕೊಂಡರೆ ದಿಕ್ಕು ತಿಳಿಯುತ್ತದೆ. ಮುಂದೆ ಮಹದೇವಪುರದ ಹೊಳೆದಂಡೆ. ಸಿನಿಮಾ ಶೂಟಿಂಗಿಗೆ ಹೆಸರಾದ ಊರು, ಯಾಕೆ ಅಂತ ಹೋದರೆ ಗೊತ್ತಾಗುತ್ತದೆ. ಈ ದಾರಿ ಪೂರ್ತಿ ಮಣ್ಣಿನದಲ್ಲ. ಊರು ಬಂದಲ್ಲಿ ಕಾಂಕ್ರೀಟ್, ಟಾರು ಬರುತ್ತದೆ, ಊರು ದಾಟಿದರೆ ಮತ್ತೆ ಗರಸು.

ಮೂರನೆಯದು ವಿ.ಸಿ. ನಾಲೆ, ಪಾಂಡವಪುರದ ಕಡೆಯಿಂದ. ಕುಂತಿ ಬೆಟ್ಟದ ಬಂಡೆಗಳು ದೂರದಿಂದಲೇ ಕಾಣುತ್ತವೆ. ನಾಲೆಯನ್ನು ಮೂಲದಿಂದಲೇ ಹಿಡಿಯುತ್ತೇನೆ ಅಂತ ಕೆಆರ್‌ಎಸ್‌ನಿಂದ ಹೊರಟರೆ ಹುಲಿಕೆರೆಯಲ್ಲಿ ಅದು ಸುರಂಗದೊಳಗೆ ಹೋಗಿಬಿಡುತ್ತದೆ. ಅಲ್ಲಿ ಊರಿನ ರಸ್ತೆ ಹಿಡಿದು, ಆಚೆ ಬದಿಯಲ್ಲಿ ಮತ್ತೆ ನಾಲೆ ಸೇರಿಕೊಳ್ಳಬೇಕು. ಮುಂದೆ ಲೋಕಸರ, ಹೆಬ್ಬಕವಾಡಿ, ತುರುಗನೂರು ಅಂತ ಶಾಖಾ ನಾಲೆಗಳು ಒಡೆಯುತ್ತವೆ. ದೊಡ್ಡ ನಾಲೆಗಿಂತ ಈ ಶಾಖಾ ನಾಲೆಗಳ ದಾರಿಯೇ ಸೈಕಲ್ಲಿಗೆ ವಾಸಿ.

ಹೊಳೆಯ ಪಕ್ಕದ ದಾರಿಗಳಿಗೆ ಒಂದೇ ನಿಯಮ: ಕೆಆರ್‌ಎಸ್‌ನಿಂದ ಜಾಸ್ತಿ ನೀರು ಬಿಡುತ್ತಿದ್ದಾರೆ, ತಗ್ಗಿನವರು ಹುಷಾರಾಗಿರಿ ಅಂತ ಸುದ್ದಿ ಬಂದರೆ ಆ ವಾರ ಬೇಡ. ದಂಡೆಯ ದಾರಿ ಮುಳುಗಿರುತ್ತದೆ. ರಂಗನತಿಟ್ಟಿನಲ್ಲಿ ದೋಣಿಯೂ ನಿಂತಿರುತ್ತದೆ.

ಏರಿಯ ಮೇಲೆ ಹುಷಾರು

2018ರ ನವೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸೊಂದು ವಿ.ಸಿ. ನಾಲೆಗೆ ಬಿದ್ದು 30 ಜನ ತೀರಿಕೊಂಡರು. ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ನಾಲೆಯ ದಾರಿ ಸಪಾಟಾಗಿದೆ, ಖಾಲಿ ಇದೆ ಅಂತ ಮೈಮರೆಯುವವರಿಗೆ ನಾನು ಮೊದಲು ಹೇಳುವುದೇ ಇದನ್ನು. ತಡೆಗೋಡೆ ಇಲ್ಲದ ಕಡೆ ಇನ್ನೂ ಬೇಕಾದಷ್ಟಿವೆ.

ಎಡಗಡೆ, ಬಲಗಡೆ ಎಂಬ ರೋಡಿನ ನಿಯಮ ಏರಿಯ ಮೇಲೆ ಎರಡನೆಯದು. ಯಾವಾಗಲೂ ಗದ್ದೆಯ ಕಡೆಗೆ ಒತ್ತಿಕೊಂಡು ತುಳಿಯಿರಿ. ಆ ಕಡೆ ಬಿದ್ದರೆ ಕೆಸರು, ಈ ಕಡೆ ಬಿದ್ದರೆ ಆಳದ ನೀರು. ಗಾಡಿ ಎದುರಾದರೂ ಗದ್ದೆಯ ಕಡೆಗೇ ಇಳಿದು ನಿಲ್ಲಿ. ಇಬ್ಬರಿದ್ದರೆ ಹಿಂದೆ ಮುಂದೆ ತುಳಿಯಿರಿ, ಜೋಡಿಯಾಗಿ ಬೇಡ. ಮಕ್ಕಳಿದ್ದರೆ ನೀರು ಬಂದ್ ಇರುವ ದಿನವೇ ಬನ್ನಿ.

ಕಾಂಕ್ರೀಟ್ ಲೈನಿಂಗ್ ಇರುವ ನಾಲೆಗೆ ಕೈಕಾಲು ತೊಳೆಯಲೂ ಇಳಿಯಬೇಡಿ. ಪಾಚಿ ಕಟ್ಟಿದ ಇಳಿಜಾರು, ಒಮ್ಮೆ ಜಾರಿದರೆ ಹಿಡಿಯಲು ಏನೂ ಸಿಗುವುದಿಲ್ಲ. ಈಜು ಬರುವವರೂ ಅಲ್ಲಿ ಸೋಲುತ್ತಾರೆ. ಬಟ್ಟೆ ಒಗೆಯುವ ಮೆಟ್ಟಿಲು ಇರುವ ಕಡೆ ಮಾತ್ರ ಇಳಿಯಿರಿ. ಹೊಳೆಯಲ್ಲಿ, ಅದರಲ್ಲೂ ರಂಗನತಿಟ್ಟಿನ ಸುತ್ತಮುತ್ತ, ಮೊಸಳೆಗಳಿವೆ. ಬಂಡೆಯ ಮೇಲೆ ಬಿಸಿಲು ಕಾಯುವುದನ್ನು ದೂರದಿಂದ ನೋಡಿದರೆ ಸಾಕು.

ಕಬ್ಬಿನ ಗದ್ದೆಗಳಲ್ಲಿ ಚಿರತೆ ಮರಿ ಹಾಕುವುದು ಈ ಕಡೆ ಹೊಸದೇನಲ್ಲ. ಹಾಗಂತ ಹೆದರಿ ಕೂರಬೇಕಿಲ್ಲ. ಚೆನ್ನಾಗಿ ಬೆಳಕಾದ ಮೇಲೆ ಹೊರಡಿ, ಸೂರ್ಯ ಮುಳುಗುವ ಮುಂಚೆ ಊರು ಸೇರಿ. ಎದೆ ಮಟ್ಟ ಬೆಳೆದ ಕಬ್ಬಿನ ಪಕ್ಕ ಒಬ್ಬರೇ ಕೂತು ಬುತ್ತಿ ಬಿಚ್ಚಬೇಡಿ. ಒಬ್ಬಳೇ ಹೋಗುವ ದಿನ ನಾನು ತಮ್ಮನಿಗೆ ಲೊಕೇಶನ್ ಹಂಚಿಕೊಂಡೇ ಹೊರಡುವುದು. ಬಿದ್ದು ಗಾಯವಾದರೆ 108 ಇದೆ. ಅವರಿಗೆ ಹೇಳಲು ಊರಿನ ಹೆಸರು ಬೇಕು, ಹಾಗಾಗಿ ದಾಟಿದ ಪ್ರತಿ ಊರಿನ ಹೆಸರು ನೆನಪಿಟ್ಟುಕೊಳ್ಳಿ.

ನಾಯಿ ಅಟ್ಟಿಸಿಕೊಂಡು ಬಂದರೆ ವೇಗ ಹೆಚ್ಚಿಸಬೇಡಿ. ಇಳಿಯಿರಿ, ಸೈಕಲ್ಲನ್ನು ನಡುವೆ ಇಟ್ಟುಕೊಂಡು ನಡೆಯಿರಿ. ನಾಲ್ಕು ಹೆಜ್ಜೆಗೆ ಅದಕ್ಕೇ ಬೇಜಾರಾಗುತ್ತದೆ. ಕುರಿಮಂದೆ ಬಂದರೆ ನಿಂತೇಬಿಡಿ. ಎತ್ತುಗಳಿಗೆ ಹಿಂದಿನಿಂದ ದಿಢೀರನೆ ಬೆಲ್ ಹೊಡೆಯಬೇಡಿ, ದೂರದಿಂದಲೇ "ಅಣ್ಣಾ, ಸೈಕಲ್ಲು" ಅಂತ ಕೂಗಿ ಹೇಳಿ. ತೂಬಿನ ಗೇಟು, ತಿರುಪು ಮುಟ್ಟುವ ಕುತೂಹಲ ಯಾರಿಗಾದರೂ ಇದ್ದರೆ ಬಿಟ್ಟುಬಿಡಿ. ಒಂದು ಸುತ್ತು ತಿರುಗಿಸಿದರೆ ಕೆಳಗಿನವರ ನೀರಿನ ಸರದಿ ತಪ್ಪುತ್ತದೆ. ಅದಕ್ಕಾಗಿ ಅಣ್ಣತಮ್ಮಂದಿರೇ ಮಾತು ಬಿಟ್ಟಿರುವ ಊರುಗಳಿವೆ.

ಊಟ, ವಾಪಸ್ಸು

ಹೊಟ್ಟೆಯ ಚಿಂತೆ ಬೇಡ. ಬೆಳಿಗ್ಗೆ ಎಂಟಕ್ಕೆ ಯಾವ ಊರಿನಲ್ಲೂ ಇಡ್ಲಿ, ಚಿತ್ರಾನ್ನ ಸಿಗುತ್ತದೆ. ಹನ್ನೊಂದಕ್ಕೆ ಹೋದರೆ ಪಾತ್ರೆ ತೊಳೆಯುತ್ತಿರುತ್ತಾರೆ. ದಾರಿಯಲ್ಲಿ ಎಳನೀರು ಇದ್ದೇ ಇದೆ. ಆಲೆಮನೆಯ ಹೊಗೆ ಕಂಡರೆ ಹೋಗಿ ಮಾತಾಡಿಸಿ. ಒಂದು ಲೋಟ ಕಬ್ಬಿನ ಹಾಲು, ಕೊಪ್ಪರಿಗೆಯಿಂದ ಇಳಿಸಿದ ಬಿಸಿ ಬೆಲ್ಲ ಒಂದು ಚೂರು ಕೊಡದೆ ಕಳಿಸುವವರು ಕಡಿಮೆ. ಅಂಗೈಗೆ ಹಾಕಿಸಿಕೊಳ್ಳಬೇಡಿ, ಸುಡುತ್ತದೆ. ಕಬ್ಬಿನ ತುಂಡಿನ ಮೇಲೆ ಹಾಕಿಸಿಕೊಳ್ಳಿ. ಒಂದು ಕೆ.ಜಿ. ಬೆಲ್ಲ ಕೊಂಡು ಬ್ಯಾಗಿಗೆ ಹಾಕಿಕೊಂಡು ಬಂದರೆ ಅವರಿಗೂ ಸಂತೋಷ. ಕುಡಿಯುವ ನೀರು ಮಾತ್ರ ಎರಡು ಬಾಟಲಿ ಜೊತೆಗಿರಲಿ, ನಾಲೆಯ ನೀರು ಕುಡಿಯಬೇಡಿ. ಹೆಣ್ಣುಮಕ್ಕಳಿಗೆ ಶೌಚಾಲಯದ್ದು ತೊಂದರೆಯೇ. ಪೆಟ್ರೋಲ್ ಬಂಕ್ ಅಥವಾ ದೊಡ್ಡ ದೇವಸ್ಥಾನ ಇರುವ ಕಡೆ ಎಲ್ಲಿ ನಿಲ್ಲಬೇಕು ಅಂತ ಮೊದಲೇ ಗುರುತು ಮಾಡಿಕೊಂಡಿರಿ. ತೀರಾ ಬೇಕಾದರೆ ಯಾವುದಾದರೂ ಮನೆಯ ಅಕ್ಕನನ್ನು ಕೇಳಿ. ಕೇಳಿದ್ದಕ್ಕೆ ಕಾಫಿಯೂ ಕೊಟ್ಟು ಕಳಿಸುತ್ತಾರೆ.

ಗಾಳಿ ಎದುರು ಬೀಸಿ ಸುಸ್ತಾದರೆ ವಾಪಸ್ಸು ತುಳಿಯಲೇಬೇಕು ಅಂತಿಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಎಲಿಯೂರು, ಮಂಡ್ಯ, ಮದ್ದೂರು ಎಲ್ಲಾ ಒಂದೇ ರೈಲು ಮಾರ್ಗದಲ್ಲಿವೆ. ಮಳೆಗಾಲದಲ್ಲಿ ಪಡುವಣ ಗಾಳಿ ಜೋರು. ಆಗ ಮೈಸೂರಿನ ಕಡೆಯಿಂದ ಪೂರ್ವಕ್ಕೆ ತುಳಿದು, ರೈಲಿನಲ್ಲಿ ಹಿಂದಿರುಗುವುದು ಸುಲಭ. ಸೈಕಲ್ ಹತ್ತಿಸುವ ಬಗ್ಗೆ ಮೊದಲೇ ನಿಲ್ದಾಣದ ಲಗೇಜ್ ಆಫೀಸಿನಲ್ಲಿ ವಿಚಾರಿಸಿಟ್ಟುಕೊಳ್ಳಿ.

ಮನೆಗೆ ಬಂದ ಮೇಲೆ ಕೆಸರು ಒಣಗುವ ಮುಂಚೆಯೇ ತೊಳೆದುಬಿಡಿ. ಹಬ್‌ಗೆ, ಪೆಡಲ್ ಆ್ಯಕ್ಸಲ್ಲಿಗೆ ಪೈಪಿನ ನೀರು ಜೋರಾಗಿ ಹೊಡೆಯಬೇಡಿ. ಬಕೆಟ್, ಹಳೇ ಬಟ್ಟೆ ಸಾಕು. ಚೈನ್ ಒರೆಸಿ ಎಣ್ಣೆ ಹಾಕಿ. ಟೈರಿನ ಮೇಲೆ ಬಟ್ಟೆ ಹಿಡಿದು ಚಕ್ರ ಒಂದು ಸುತ್ತು ತಿರುಗಿಸಿ, ಮುಳ್ಳು ಇದ್ದರೆ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಕಂಡ ಮುಳ್ಳನ್ನೆಲ್ಲ ಕಿತ್ತುಹಾಕಿ, ಮರುದಿನ ಬೆಳಿಗ್ಗೆ ಟೈರ್ ಇನ್ನೊಮ್ಮೆ ಒತ್ತಿ ನೋಡಿ. ನೆಗ್ಗಿಲಿನ ಪಂಚರ್ ರಾತ್ರಿಯಿಡೀ ನಿಧಾನವಾಗಿ ಇಳಿಯುತ್ತದೆ.